ಪ್ಲಾಸ್ಟರ್ ಕೋಣೆಯಿಂದ ಹೊರದೇಶದ ಡೇಟಾಬೇಸಿಗೆ: ಮೈಸೂರಿನಲ್ಲಿ ಒಂದು ಕ್ಲಬ್‌ಫುಟ್ ಅಧ್ಯಯನ

ಕ್ಲಬ್‌ಫುಟ್ ಅಧ್ಯಯನಕ್ಕೆ ನಮ್ಮನ್ನು ಜೊತೆ ಸೇರಿಸಿಕೊಳ್ಳಲು ಬಯಸುವ ಹೊರದೇಶದ ಕೇಂದ್ರದಿಂದ ಬರುವ ಮೊದಲ ಪತ್ರದಲ್ಲಿ ಮುಖ್ಯ ಪ್ರಶ್ನೆ ಒಂದೇ ಇರುತ್ತದೆ: ನಿಮ್ಮಲ್ಲಿಗೆ ವರ್ಷಕ್ಕೆ ಎಷ್ಟು ಹೊಸ ಮಕ್ಕಳು ಬರುತ್ತಾರೆ? ಒಪಿಡಿ ರಿಜಿಸ್ಟರ್ ತೆಗೆದು ಎಣಿಸಿ ಉತ್ತರ ಕಳಿಸಿದರೆ ತಪ್ಪು ಅಲ್ಲಿಂದಲೇ ಶುರು. ರಿಜಿಸ್ಟರಿನಲ್ಲಿ ಇರುವುದು ಭೇಟಿಗಳ ಲೆಕ್ಕ. ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡ, ಅಂದರೆ ಕ್ಲಬ್‌ಫುಟ್ ಇರುವ ಮಗು ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಕಟ್ಟು ಹಾಕಿಸಿಕೊಳ್ಳಲು ಬರುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಬಿಡಿಸುವ ಸಣ್ಣ ಶಸ್ತ್ರಕ್ರಿಯೆಗೆ ಬರುತ್ತದೆ, ತಿದ್ದಿದ ಪಾದವನ್ನು ಹಾಗೇ ಹಿಡಿದಿಡುವ ಬೂಟಿಗೆ ಬರುತ್ತದೆ, ಬೂಟು ಸಡಿಲವಾಯಿತೆಂದು ಮತ್ತೆ ಬರುತ್ತದೆ. ಒಂದೇ ಹೆಸರು ಹತ್ತು ಹದಿನೈದು ಸಾಲುಗಳಲ್ಲಿ ಕೂತಿರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಸೊಟ್ಟಗಿರುತ್ತವೆ. ಆಪರೇಷನ್ ಥಿಯೇಟರಿನ ಪುಸ್ತಕದಲ್ಲಿ ಅದು ಎರಡು ಕೇಸಾಗಿ ನಿಂತಿರುತ್ತದೆ.

ಈ ಎಣಿಕೆಯನ್ನು ತಾಳೆ ನೋಡಲು ಸುಲಭದ ದಾರಿಯಿದೆ. ಕ್ಲಬ್‌ಫುಟ್ ಕಾಣಿಸಿಕೊಳ್ಳುವುದು ಸಾವಿರ ಹೆರಿಗೆಗೆ ಒಂದೋ ಎರಡೋ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ವಾರ್ಷಿಕ ಹೆರಿಗೆಗಳ ಸಂಖ್ಯೆಯನ್ನು ಆರೋಗ್ಯ ಇಲಾಖೆಯಿಂದ ಪಡೆದು ಗುಣಿಸಿದರೆ ಇಡೀ ಪ್ರದೇಶದಲ್ಲಿ ಹುಟ್ಟಬಹುದಾದ ಮಕ್ಕಳ ಅಂದಾಜು ಸಿಗುತ್ತದೆ. ನಮ್ಮ ಒಂದೇ ಆಸ್ಪತ್ರೆಯ ಎಣಿಕೆ ಅದಕ್ಕೆ ಹತ್ತಿರ ಬಂದರೆ ಭೇಟಿಗಳನ್ನು ಎಣಿಸಿದ್ದೇವೆ ಎಂದೇ ಅರ್ಥ. ಉಳಿದವರಿಂದಲೂ ಕಳೆಯಬೇಕಾದವರು ಇದ್ದಾರೆ: ಗರ್ಭದಲ್ಲಿ ಮಲಗಿದ ಭಂಗಿಯಿಂದ ಪಾದ ಬಾಗಿ, ಕೈಯಲ್ಲಿ ತಿದ್ದಿದರೆ ಪೂರ್ತಿ ಸರಿಹೋಗುವವರು, ಬೆನ್ನುಹುರಿಯ ತೊಂದರೆ ಅಥವಾ ಹುಟ್ಟಿನಿಂದಲೇ ಕೀಲುಗಳು ಬಿಗಿದಿರುವ ಆರ್ಥ್ರೋಗ್ರೈಪೋಸಿಸ್ ಇರುವವರು, ಬೇರೆ ಕಡೆ ಎರಡು ಮೂರು ಕಟ್ಟು ಹಾಕಿಸಿಕೊಂಡು ಬಂದವರು. ಬೇರೆ ಕಾರಣವಿಲ್ಲದ, ಇನ್ನೂ ಚಿಕಿತ್ಸೆ ಶುರುವಾಗದ ಮಕ್ಕಳನ್ನು ಮಾತ್ರ ಬೇಡುವ ಅಧ್ಯಯನಕ್ಕೆ ಇವರು ಯಾರೂ ಸೇರುವುದಿಲ್ಲ. ದೊಡ್ಡ ಸಂಖ್ಯೆ ಬರೆದು ಒಪ್ಪಂದ ಮಾಡಿಕೊಂಡ ಕೇಂದ್ರ ಮರುವರ್ಷ ಮಕ್ಕಳು ಸಾಲದೆ ಪತ್ರಗಳಿಗೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಸಣ್ಣ ಸಂಖ್ಯೆಯಾದರೂ ನಿಜವಾದದ್ದನ್ನು ಬರೆಯುವುದು ಲೇಸು.

ಮಕ್ಕಳ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಹಲವು ದೇಶಗಳು ಸೇರಿ ಕೆಲಸ ಮಾಡುವುದಕ್ಕೆ ಈ ಸಣ್ಣ ಸಂಖ್ಯೆಯೇ ಕಾರಣ. ಒಂದೂರಿನ ಒಂದು ಆಸ್ಪತ್ರೆಯಲ್ಲಿ ಉತ್ತರ ಸಿಗುವಷ್ಟು ಮಕ್ಕಳು ಕೂಡುವುದಿಲ್ಲ. ಪರ್ಥಿಸ್ ಎಂಬ ಸೊಂಟದ ಕಾಯಿಲೆಯದು ಬೇರೆ ಕತೆ. ಅದು ನಮ್ಮ ಕರಾವಳಿಯಲ್ಲಿ ಹೆಚ್ಚು, ಹಾಗಾಗಿ ಮಣಿಪಾಲದ ಮೂಳೆ ಶಸ್ತ್ರಚಿಕಿತ್ಸಕ ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು 610 ಮಕ್ಕಳ ಎಕ್ಸ್‌ರೇಗಳನ್ನು ಒಂದೇ ಕಡೆ ಕೂಡಿಸಿ ಕಾಯಿಲೆಯ ಹಂತಗಳನ್ನು ವಿಂಗಡಿಸಿ 2003ರಲ್ಲಿ ಪ್ರಕಟಿಸಿದರು. ಬೇರೆ ದೇಶಗಳವರೂ ಅದನ್ನು ಬಳಸುತ್ತಾರೆ. ಕರ್ನಾಟಕದವರು ಹೊರಗಿನವರಿಗೆ ಅಂಕಿ ಒದಗಿಸಲಷ್ಟೇ ಇರುವವರು ಎಂದುಕೊಂಡು ಮಾತುಕತೆಗೆ ಕೂರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ಕಾಗದಪತ್ರ. ಕ್ರಮ ಹೀಗೆ: ಅಧ್ಯಯನ ಹೇಗೆ ನಡೆಯಬೇಕೆಂದು ಬರೆದ ಪ್ರೋಟೊಕಾಲ್ ಸಿದ್ಧವಾದ ಮೇಲೆ ಸಂಸ್ಥೆಯ ವೈಜ್ಞಾನಿಕ ಸಮಿತಿ, ಆಮೇಲೆ ನೈತಿಕ ಸಮಿತಿ, ಆಮೇಲೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ. ಈ ಕೊನೆಯದನ್ನು ಎಲ್ಲರೂ ಎಚ್‌ಎಂಎಸ್‌ಸಿ ಎನ್ನುತ್ತಾರೆ. ಅದರ ಕಚೇರಿ ಕೆಲಸ ನಡೆಯುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಲ್ಲಿ, ಅಂದರೆ ಐಸಿಎಂಆರ್‌ನಲ್ಲಿ. ಔಷಧ ಇಲ್ಲ, ರಕ್ತದ ಮಾದರಿ ಇಲ್ಲ, ಬರೀ ಚಿಕಿತ್ಸೆಯ ವಿವರ ಬರೆದಿಡುತ್ತೇವೆ ಅಷ್ಟೆ, ಇದಕ್ಕೆ ದಿಲ್ಲಿಯ ಅನುಮತಿ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಹೊರದೇಶದ ಹಣ ಅಥವಾ ಹೊರದೇಶದ ಸಹಯೋಗ ಇದ್ದರೆ ಬೇಕು. ಸಂಸ್ಥೆಯ ನೈತಿಕ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯ ನೈತಿಕ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. 2019ರ ಹೊಸ ನಿಯಮಗಳ ನಂತರ ಇದು ಕಡ್ಡಾಯ. ಅಮೆರಿಕದ ಸರ್ಕಾರಿ ಹಣವಿದ್ದರೆ ನಮ್ಮ ಸಂಸ್ಥೆಗೆ ಎಫ್‌ಡಬ್ಲ್ಯೂಎ ಸಂಖ್ಯೆಯೂ ಬೇಕು, ಅಂದರೆ ಸಂಶೋಧನೆಗೆ ಒಳಪಡುವವರನ್ನು ಕಾಪಾಡುತ್ತೇವೆ ಎಂದು ಅಮೆರಿಕ ಸರ್ಕಾರಕ್ಕೆ ಕೊಡುವ ಭರವಸೆಯ ಸಂಖ್ಯೆ. ಅದನ್ನು ಕೊನೆಗೆ ಇಟ್ಟುಕೊಂಡರೆ ಉಳಿದೆಲ್ಲ ಸಿದ್ಧವಾಗಿಯೂ ಹಣ ಬರದೆ ಕೂರುತ್ತದೆ.

ಅರ್ಜಿ ವಾಪಸ್ ಬರಲು ದೊಡ್ಡ ಕಾರಣಗಳೇನೂ ಬೇಕಿಲ್ಲ. ಪ್ರೋಟೊಕಾಲಿನಲ್ಲಿ ಅಧ್ಯಯನದ ಹೆಸರು ಒಂದು, ನೈತಿಕ ಸಮಿತಿಯ ಪತ್ರದಲ್ಲಿ ಒಂದು ಪದ ಕಡಿಮೆ, ಒಪ್ಪಂದಪತ್ರದಲ್ಲಿ ಇನ್ನೊಂದು ರೀತಿ. ಒಪ್ಪಿಗೆ ಪತ್ರದ ಕನ್ನಡ ಪ್ರತಿಯಲ್ಲಿ ಆವೃತ್ತಿ 1.0 ಎಂದಿದ್ದು ಇಂಗ್ಲಿಷ್ ಪ್ರತಿ ಅಷ್ಟರಲ್ಲಿ 1.2 ಆಗಿರುವುದು. ಬಜೆಟ್ ಡಾಲರಿನಲ್ಲಷ್ಟೇ ಇರುವುದು. ಒಪ್ಪಂದಕ್ಕೆ ವಿಭಾಗದ ಮುಖ್ಯಸ್ಥರು ಸಹಿ ಹಾಕಿರುವುದು. ಅಲ್ಲಿ ಬೇಕಾದದ್ದು ಸಂಸ್ಥೆಯ ಪರವಾಗಿ ಸಹಿ ಹಾಕುವ ಅಧಿಕಾರವಿರುವವರ ಸಹಿ ಮತ್ತು ಮೊಹರು. ನೈತಿಕ ಸಮಿತಿಯ ಪತ್ರದಲ್ಲಿ ಆ ದಿನ ಹಾಜರಿದ್ದ ಸದಸ್ಯರ ಪಟ್ಟಿ ಇರಬೇಕು, ಕನಿಷ್ಠ ಐವರಿರಬೇಕು, ಅವರಲ್ಲಿ ವೈದ್ಯಕೀಯೇತರರೂ ಹೊರಗಿನವರೂ ಇರಬೇಕು. ಸಂಶೋಧಕರೇ ಸಮಿತಿಯ ಸದಸ್ಯರಾಗಿದ್ದರೆ ಆ ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋದರೆಂದು ನಡಾವಳಿಯಲ್ಲಿ ಬರೆದಿರಬೇಕು. ಹೋದರೆ ಸಾಲದು, ಬರೆದಿರಬೇಕು. ಎಲ್ಲ ಕಾಗದಗಳ ಹೆಸರು, ಆವೃತ್ತಿ, ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟವಾಗಿ ಇಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ.

ಎರಡು ಕಟ್ಟುಗಳನ್ನು ಹೋಲಿಸುವ, ಎರಡು ಬಗೆಯ ಬೂಟುಗಳನ್ನು ಚೀಟಿ ಎತ್ತಿದಂತೆ ಹಂಚುವ ಅಧ್ಯಯನವಾದರೆ ಸಿಟಿಆರ್‌ಐ ಎಂಬ ದೇಶದ ಕ್ಲಿನಿಕಲ್ ಪ್ರಯೋಗಗಳ ಪಟ್ಟಿಯಲ್ಲಿ ನೋಂದಣಿ ಮೊದಲ ಮಗು ಸೇರುವ ಮೊದಲೇ ಆಗಿರಬೇಕು. 2018ರ ಏಪ್ರಿಲ್ 1ರಿಂದ ಆಮೇಲೆ ಮಾಡಿಸುವ ದಾರಿ ಮುಚ್ಚಿದೆ.

ಹಣದ ವಿಚಾರದಲ್ಲಿ ಟ್ರಸ್ಟ್ ನಡೆಸುವ ಆಸ್ಪತ್ರೆಗಳು ಹೊರದೇಶದ ವಂತಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನನ್ನು ಮೊದಲೇ ಓದಿಕೊಳ್ಳಬೇಕು. 2020ರ ತಿದ್ದುಪಡಿಯ ನಂತರ ಹೊರದೇಶದ ವಂತಿಗೆ ಮೊದಲು ಬಂದಿಳಿಯುವುದು ಹೊಸದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚಿಗೆ ಬಳಸಬಹುದಾದ ಪಾಲು 50ರಿಂದ ಶೇಕಡ 20ಕ್ಕೆ ಇಳಿದಿದೆ. ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ, ಇದು ಎಲ್ಲಕ್ಕಿಂತ ಬಿಗಿಯಾದದ್ದು. ಅಂದರೆ ಮೈಸೂರಿನ ಟ್ರಸ್ಟ್ ಹಣ ಪಡೆದು ಅದರಲ್ಲೊಂದು ಭಾಗವನ್ನು ಮಂಡ್ಯದ ಜೊತೆ ಕೇಂದ್ರಕ್ಕೆ ಕೊಡುತ್ತೇನೆ ಎಂದು ಬಜೆಟ್ ಬರೆದರೆ ಅದು ನಿಲ್ಲುವುದಿಲ್ಲ. ಮಂಡ್ಯದವರ ಜೊತೆ ಹೊರದೇಶದವರು ಬೇರೆಯಾಗಿಯೇ ಒಪ್ಪಂದ ಮಾಡಿಕೊಳ್ಳಬೇಕು. ಮಾಡುವ ಕೆಲಸಕ್ಕೆ ಪ್ರತಿಯಾಗಿ ಬರುವ ಶುಲ್ಕವೇ, ವಂತಿಗೆಯೇ ಎಂಬುದನ್ನು ಲೆಕ್ಕಪರಿಶೋಧಕರನ್ನು ಕೇಳಿಯೇ ತೀರ್ಮಾನಿಸಬೇಕು. ವೈದ್ಯರು ಊಹಿಸಿ ಬರೆಯುವ ವಿಷಯ ಇದಲ್ಲ.

ಒಪ್ಪಿಗೆ ಪತ್ರವನ್ನು ಮೊದಲ ದಿನವೇ ತಾಯಿಯ ಮುಂದೆ ಇಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹೆರಿಗೆಯಾಗಿ ಹತ್ತೋ ಹದಿನೈದೋ ದಿನ, ಗ್ರಹಣದಲ್ಲಿ ಹೊರಗೆ ಬಂದೆ ಅಂತಲೇ ಹೀಗಾಯಿತು ಎಂದು ಯಾರೋ ಹೇಳಿದ್ದನ್ನು ತಲೆಯಲ್ಲಿ ಹೊತ್ತುಕೊಂಡು ಆಕೆ ಬಂದಿರುತ್ತಾಳೆ. ಅಂದು ಹೇಳಬೇಕಾದ್ದು ಎರಡೇ: ಇದಕ್ಕೆ ನಿಮ್ಮ ತಪ್ಪೇನೂ ಕಾರಣವಲ್ಲ, ಮಗು ಎಲ್ಲರಂತೆ ನಡೆಯುತ್ತದೆ. ಕಟ್ಟು ಹಾಕಿ ಕಳಿಸಬೇಕು. ಎರಡನೇ ಕಟ್ಟಿನ ದಿನ ಪತ್ರ ಓದಿ ಹೇಳಬೇಕು. ಹೀಗೆ ಮಾಡಿದರೆ ಮೊದಲ ದಿನದ ಅಳತೆಗಳು ಒಪ್ಪಿಗೆಗಿಂತ ಹಿಂದಿನವಾಗುತ್ತವೆ. ಅದಕ್ಕೆ ಪ್ರೋಟೊಕಾಲಿನಲ್ಲೇ ದಾರಿ ಮಾಡಿಡಬೇಕು: ಮೊದಲ ದಿನ ಬರೆದದ್ದು ಚಿಕಿತ್ಸೆಯ ದಾಖಲೆ, ಒಪ್ಪಿಗೆ ಸಿಕ್ಕ ಮೇಲಷ್ಟೇ ಅದು ಅಧ್ಯಯನಕ್ಕೆ ಹೋಗುತ್ತದೆ, ಒಪ್ಪದಿದ್ದರೆ ಹೋಗುವುದಿಲ್ಲ, ಚಿಕಿತ್ಸೆಯಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಓದು ಬಾರದವರಿದ್ದರೆ ಹೆಬ್ಬೆಟ್ಟಿನ ಜೊತೆಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಸಹಿ ಬೇಕು. ಪ್ಲಾಸ್ಟರ್ ಕೋಣೆಯ ಸಿಬ್ಬಂದಿ ಆ ಸಾಕ್ಷಿಯಾಗಲು ಬರುವುದಿಲ್ಲ. ಮಕ್ಕಳನ್ನು ಹತ್ತು ವರ್ಷದವರೆಗೆ ನೋಡುವ ಅಧ್ಯಯನವಾದರೆ ಇನ್ನೊಂದು ವಿಷಯ ಮರೆತುಹೋಗುತ್ತದೆ: ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಏಳು ತುಂಬಿದ ಮಗುವಿನ ಬಾಯಿಮಾತಿನ ಸಮ್ಮತಿಯನ್ನೂ ಪಡೆಯಬೇಕು, ಹನ್ನೆರಡು ದಾಟಿದರೆ ಬರವಣಿಗೆಯಲ್ಲಿ. ಎರಡು ವಾರದ ಕೂಸಾಗಿದ್ದಾಗ ಅಪ್ಪ ಅಮ್ಮ ಕೊಟ್ಟ ಸಹಿ ಅಲ್ಲಿಗೆ ಸಾಲುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಅಧ್ಯಯನ ನಿಲ್ಲುವುದೋ ಬೀಳುವುದೋ ಪ್ಲಾಸ್ಟರ್ ಕೋಣೆಯಲ್ಲಿ.

ಚಿಕಿತ್ಸೆ ಎಲ್ಲ ಕಡೆ ಒಂದೇ. ಅಮೆರಿಕದ ಅಯೋವಾದಲ್ಲಿ ಇಗ್ನೇಷಿಯೊ ಪೊನ್ಸೆಟಿ ರೂಪಿಸಿದ ವಿಧಾನ: ಪಾದವನ್ನು ಮೆಲ್ಲಗೆ ತಿದ್ದಿ, ತೊಡೆಯವರೆಗೆ ಕಟ್ಟು ಹಾಕಿ, ವಾರಕ್ಕೊಮ್ಮೆ ಬದಲಿಸುವುದು. ಅಳೆಯುವುದು ಕೆನಡಾದ ಶಫೀಕ್ ಪಿರಾನಿ ಮಾಡಿದ ಅಂಕದಿಂದ. ಆರು ಗುರುತುಗಳು, ಪ್ರತಿಯೊಂದಕ್ಕೂ 0, 0.5 ಅಥವಾ 1, ಒಟ್ಟು ಆರಕ್ಕೆ. ಅಂಕ ಹೆಚ್ಚಿದಷ್ಟೂ ಪಾದ ಹೆಚ್ಚು ಸೊಟ್ಟ. ಮೂರು ಪಾದದ ನಡುಭಾಗದವು: ಹೊರ ಅಂಚಿನ ಬಾಗು, ಒಳಬದಿಯ ಗೆರೆ, ಹಿಮ್ಮಡಿ ಮೂಳೆಯ ಮೇಲಿರುವ ಟೇಲಸ್ ಮೂಳೆಯ ತಲೆ ಎಷ್ಟು ಮುಚ್ಚಿಕೊಂಡಿದೆ ಎಂಬುದು. ಮೂರು ಹಿಂಭಾಗದವು: ಹಿಮ್ಮಡಿಯ ಮೇಲಿನ ಗೆರೆ, ಪಾದ ಮೇಲಕ್ಕೆ ಎಷ್ಟು ಮಣಿಯುತ್ತದೆ ಎಂಬುದು, ಹಿಮ್ಮಡಿ ಕೈಗೆ ಖಾಲಿ ಅನ್ನಿಸುತ್ತದೆಯೇ ಎಂಬುದು. ಕಾಗದದ ಮೇಲೆ ಸರಳ. ಆದರೆ ಒಬ್ಬರ ಅರ್ಧ ಇನ್ನೊಬ್ಬರ ಒಂದು ಆಗಿಬಿಟ್ಟರೆ, ಊರಿಗೊಂದು ಸೇರು ಇಟ್ಟುಕೊಂಡು ರಾಗಿ ಅಳೆದಂತೆ, ಕೂಡಿಸಿದ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ಅಂಕ ಕೆಡುವ ಬಗೆಗಳು ಗೊತ್ತಿರುವಂಥವೇ. ಕಟ್ಟು ಹಾಕಿ ಮುಗಿಸಿ, ಕೈ ತೊಳೆದು, ಆಮೇಲೆ ನೆನಪಿನಿಂದ ಬರೆಯುವುದು ಮೊದಲನೆಯದು. ಹಾಗೆ ಬರೆದ ಅಂಕಗಳು ವಾರವಾರವೂ ಅಂದವಾಗಿ ಇಳಿಯುತ್ತಾ ಹೋಗುತ್ತವೆ, ನಿಜವಾದ ಪಾದಗಳು ಹಾಗೆ ಇಳಿಯುವುದಿಲ್ಲ. ಅನುಮಾನವಿದ್ದಾಗಲೆಲ್ಲ 0.5 ಎಂದು ಬರೆದುಬಿಡುವುದು ಇನ್ನೊಂದು. ಕಟ್ಟು ಹಾಕುವವರೇ ಅಂಕ ಕೊಡುವುದು ಮತ್ತೊಂದು. ತಮ್ಮ ಕೆಲಸಕ್ಕೆ ತಾವೇ ಅಂಕ ಕೊಡುವಾಗ ಕೈ ಸ್ವಲ್ಪ ಉದಾರವಾಗುತ್ತದೆ. ಇದಕ್ಕೆ ನಾವು ಕಂಡುಕೊಂಡ ವ್ಯವಸ್ಥೆ: ಅಂಕದ ಹಾಳೆ ಗೋಡೆಗೆ ಒರಗಿಸಿದ ಹಲಗೆಯ ಮೇಲೆ, ಇಬ್ಬರು ಒಬ್ಬರ ಬರಹ ಇನ್ನೊಬ್ಬರಿಗೆ ಕಾಣದಂತೆ ಬರೆಯುವುದು, ಆಮೇಲಷ್ಟೇ ಪ್ಲಾಸ್ಟರ್ ಸುರುಳಿ ನೀರಿಗೆ ಹಾಕುವುದು. ಸುರುಳಿ ನೀರಿಗೆ ಬಿದ್ದ ಮೇಲೆ ಯಾರಿಗೂ ಪೆನ್ನು ಹಿಡಿಯುವ ಪುರಸೊತ್ತಿರುವುದಿಲ್ಲ. ಒಟ್ಟು ಅಂಕ ಮಾತ್ರ ಬರೆಯಬಾರದು, ಆರನ್ನೂ ಬಿಡಿಯಾಗಿ ಬರೆಯಬೇಕು. ಒಟ್ಟು 2 ಎಂದರೆ ನಡುಭಾಗ ಇನ್ನೂ ಗಟ್ಟಿಯಿದೆಯೋ, ಹಿಂಭಾಗ ಮಾತ್ರ ಉಳಿದಿದೆಯೋ ತಿಳಿಯುವುದಿಲ್ಲ. ಸ್ನಾಯುರಜ್ಜು ಬಿಡಿಸುವ ತೀರ್ಮಾನ ನಿಂತಿರುವುದೇ ಅದರ ಮೇಲೆ: ನಡುಭಾಗ ಒಂದಕ್ಕಿಂತ ಕಡಿಮೆ, ಹಿಂಭಾಗ ಒಂದಕ್ಕಿಂತ ಹೆಚ್ಚು, ಟೇಲಸ್ ತಲೆ ಮುಚ್ಚಿಕೊಂಡಿರಬೇಕು.

ನಮ್ಮ ಕಡೆಗೇ ವಿಶೇಷವಾದ ಒಂದು ತೊಡಕು ಇದೆ. ನಾಗಮಂಗಲದಿಂದಲೋ ಎಚ್.ಡಿ. ಕೋಟೆಯ ಒಳಹಳ್ಳಿಯಿಂದಲೋ ಬರುವವರು ಬೆಳಗಿನ ಮೊದಲ ಬಸ್ ಹಿಡಿಯಬೇಕು. ಆಸ್ಪತ್ರೆಯಲ್ಲಿ ನೆನೆಸಿ ಬಿಚ್ಚುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ ಎಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಬಿಸಿನೀರಿಗೆ ಇಟ್ಟು ಕಟ್ಟು ಬಿಚ್ಚಿ, ಮಗುವಿಗೆ ಎಣ್ಣೆ ಹಚ್ಚಿ ನೀರೆರೆದು ಕರೆತರುತ್ತಾರೆ. ಅಜ್ಜಿಯ ಲೆಕ್ಕದಲ್ಲಿ ಅದು ಒಳ್ಳೆಯ ಕೆಲಸವೇ. ವಾರವಿಡೀ ನೀರು ಕಾಣದ ಕಾಲು. ಆದರೆ ಹನ್ನೆರಡು ಗಂಟೆ ಬಿಟ್ಟ ಪಾದ ಸ್ವಲ್ಪ ಹಿಂದಕ್ಕೆ ತಿರುಗಿರುತ್ತದೆ. ಅಂಕ ಏರುತ್ತದೆ, ಕಟ್ಟುಗಳ ಸಂಖ್ಯೆಯೂ ಏರುತ್ತದೆ. ಕೋಣೆಯಲ್ಲೇ ಬಿಚ್ಚುವ ಊರಿನ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟರೆ ನಮ್ಮ ಕೈ ಒರಟು ಎಂಬಂತೆ ಕಾಣುತ್ತದೆ. ಹಾಗಾಗಿ ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿಸಲು ಹೊರದೇಶದವರನ್ನು ಒಪ್ಪಿಸಬೇಕಾಯಿತು: ಕಟ್ಟು ಬಿಚ್ಚಿದ್ದು ಎಲ್ಲಿ, ಎಷ್ಟು ಹೊತ್ತಿಗೆ? ಜೊತೆಗೆ ದೂರದಿಂದ ಬಂದವರನ್ನು ಮೊದಲು ಕರೆದು ಇಲ್ಲೇ ಬಿಚ್ಚಿ, ಇಲ್ಲೇ ಬೆಚ್ಚಗಿನ ನೀರಿನಲ್ಲಿ ಕಾಲು ತೊಳೆಯಲು ಹತ್ತು ನಿಮಿಷ ಬಿಟ್ಟರೆ ಅಜ್ಜಿಯರ ತಕರಾರೂ ಕಡಿಮೆಯಾಗುತ್ತದೆ.

ಕಟ್ಟು ಜಾರುವುದನ್ನೂ ಬರೆಯಬೇಕು. ಬೆರಳುಗಳು ಒಳಕ್ಕೆ ಸರಿದು ಕಾಣದಂತಾದರೆ ಜಾರಿದೆ ಎಂದರ್ಥ. ಹತ್ತಿ ದಪ್ಪವಾಗಿತ್ತು, ಹಿಮ್ಮಡಿಯ ಮೇಲೆ ಸರಿಯಾಗಿ ಒತ್ತಿ ಆಕಾರ ಕೊಟ್ಟಿರಲಿಲ್ಲ, ಮಂಡಿ 90 ಡಿಗ್ರಿ ಮಡಿಚಿರಲಿಲ್ಲ, ಸಾಮಾನ್ಯವಾಗಿ ಈ ಮೂರರಲ್ಲೊಂದು. ಜಾರಿದ ಕಟ್ಟಿನಲ್ಲೇ ವಾರ ಕಳೆದ ಪಾದ ಊದಿ, ಗಿಡ್ಡವಾಗಿ, ಅಡ್ಡಲಾಗಿ ಆಳದ ಗೆರೆ ಬಿದ್ದು ಬೇರೆಯದೇ ಬಗೆಯ ಪಾದವಾಗಬಹುದು. ಅದಕ್ಕೆ ಪೊನ್ಸೆಟಿಯವರೇ ಬೇರೆ ಕ್ರಮ ಹೇಳಿದ್ದಾರೆ. ಮನೆಯವರಿಗೆ ಹೇಳಬೇಕಾದ ಮಾತು ಚಿಕ್ಕದು: "ಬೆರಳು ಕಾಣಿಸ್ತಾ ಇರಬೇಕು ತಾಯಿ, ಕಾಣಿಸಲಿಲ್ಲ ಅಂದ್ರೆ ಆವತ್ತೇ ಬನ್ನಿ, ಮಂಗಳವಾರದವರೆಗೂ ಕಾಯಬೇಡಿ."

ಈ ಜಾರುವಿಕೆ ಇನ್ನೊಂದು ಪ್ರಶ್ನೆ ತರುತ್ತದೆ. ಜಾರಿದ್ದರ ಬದಲಿಗೆ ಹಾಕಿದ್ದು ಹೊಸ ಕಟ್ಟೇ? ಸ್ನಾಯುರಜ್ಜು ಬಿಡಿಸಿದ ಮೇಲೆ ಮೂರು ವಾರ ಇರುವ ಕಟ್ಟನ್ನು ಲೆಕ್ಕಕ್ಕೆ ಸೇರಿಸಬೇಕೇ? ಒಂದು ಕೇಂದ್ರ ಸೇರಿಸಿ, ಇನ್ನೊಂದು ಬಿಟ್ಟು ಬರೆದರೆ ಸರಾಸರಿಯಲ್ಲಿ ಒಂದು ಕಟ್ಟಿನ ವ್ಯತ್ಯಾಸ ಬರಿದೇ ಹುಟ್ಟಿಕೊಳ್ಳುತ್ತದೆ. ಮರುಕಳಿಕೆ ಎಂಬುದಕ್ಕೂ ಇದೇ ಗತಿ: ಮತ್ತೆ ಕಟ್ಟು ಹಾಕಿದರೆ ಮರುಕಳಿಕೆಯೇ, ಪಾದ ಮೇಲಕ್ಕೆ ಮಣಿಯುವುದು ಕಡಿಮೆಯಾದರೆ ಸಾಕೇ, ಶಸ್ತ್ರಚಿಕಿತ್ಸೆಯೇ ಆಗಬೇಕೇ? ಮೊದಲ ಮಗು ಸೇರುವ ಮೊದಲೇ ಇವನ್ನೆಲ್ಲ ಬರೆದು ಒಪ್ಪಿಕೊಂಡ ದಾಖಲೆಯೊಂದು ಇರಬೇಕು. ಪ್ರೋಟೊಕಾಲಿಗಿಂತ ಇದನ್ನೇ ನಾವು ಹೆಚ್ಚು ಸಲ ತೆರೆದು ನೋಡುವುದು.

ಡೇಟಾ ತುಂಬುವ ಕೆಲಸಕ್ಕೆ ರೆಡ್‌ಕ್ಯಾಪ್‌ನಂಥ ತಂತ್ರಾಂಶ ಕೊಡುತ್ತಾರೆ. ತಂತ್ರಾಂಶದಿಂದ ತೊಂದರೆಯಿಲ್ಲ, ತೊಂದರೆ ಖಾಲಿ ಬಿಟ್ಟ ಚೌಕದಿಂದ. ಪಿರಾನಿಯಲ್ಲಿ ಸೊನ್ನೆ ಎಂದರೆ ಪೂರ್ತಿ ಸರಿಯಿದೆ ಎಂದರ್ಥ. ಖಾಲಿ ಎಂದರೆ ನೋಡಿಲ್ಲ ಎಂದರ್ಥ. ಚೆನ್ನಾಗಿದೆಯಲ್ಲ, ಬರೆಯುವುದೇನು ಎಂದು ಖಾಲಿ ಬಿಟ್ಟರೆ ಚೆನ್ನಾಗಿ ಆದ ಮಕ್ಕಳೇ ಲೆಕ್ಕದಿಂದ ಹೊರಬೀಳುತ್ತಾರೆ. ದಿನಾಂಕವನ್ನು 03-04 ಎಂದು ಬರೆದರೆ ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್. ತಿಂಗಳನ್ನು ಅಕ್ಷರದಲ್ಲಿ ಬರೆಯುವುದೊಂದೇ ಮದ್ದು. ಬಲ ಎಡ ಅದಲುಬದಲಾಗುವುದು ಕಟ್ಟು ಹಾಕುವವರು ಮಗುವಿನ ಎದುರು ನಿಂತು ತಮ್ಮ ಬಲಗಡೆಯನ್ನು ಬರೆಸಿದಾಗ. ಎರಡೂ ಪಾದ ಸೊಟ್ಟವಿದ್ದರೆ ಇದು ಆಮೇಲೆ ಪತ್ತೆಯಾಗುವುದೂ ಇಲ್ಲ, ಹಾಗಾಗಿ ಹಾಳೆಯ ಮೇಲೆಯೇ ಎರಡು ಪಾದಗಳ ಚಿತ್ರ ಅಚ್ಚು ಹಾಕಿಸಿ ಅದರ ಕೆಳಗೇ ಅಂಕ ಬರೆಯುವಂತೆ ಮಾಡಿದ್ದೇವೆ. ಮೊದಲು ಕಾಗದ, ಆಮೇಲೆ ಕಂಪ್ಯೂಟರ್. ಕರೆಂಟು ಹೋದರೂ ಕಾಗದ ಉಳಿಯುತ್ತದೆ, ಪರಿಶೀಲನೆಗೆ ಬಂದವರು ಕೇಳುವುದೂ ಮೊದಲು ಅದನ್ನೇ.

ಫೋಟೊಗಳಿಗೆ ಹಸಿರು ಬಟ್ಟೆ ಹಾಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂದಿನಿಂದ, ಹಿಂದಿನಿಂದ, ಒಳಬದಿಯಿಂದ, ಅಂಗಾಲಿನಿಂದ ತೆಗೆಯಬೇಕು. ಮುಖ ಬರಬಾರದು, ಕೈಯ ಹೆಸರಿನ ಪಟ್ಟಿಯೂ ಬರಬಾರದು. ವಾಟ್ಸಾಪ್‌ನಲ್ಲಿ ಕಳಿಸುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಬೇಕು: ಚಿತ್ರ ಕುಗ್ಗುತ್ತದೆ, ಯಾರ ಯಾರ ಫೋನಿನಲ್ಲೋ ಉಳಿಯುತ್ತದೆ. ಆಶಾ ಕಾರ್ಯಕರ್ತೆ ಮನೆಯಲ್ಲಿ ತೆಗೆದ ಮೂಲ ಫೋಟೊದಲ್ಲಿ ಆ ಜಾಗದ ಅಕ್ಷಾಂಶ ರೇಖಾಂಶವೂ ಅಡಗಿರಬಹುದು. ಹೆಸರು ತೆಗೆದು ಸಂಖ್ಯೆ ಕೊಟ್ಟೆವು ಎಂದು ನಿಶ್ಚಿಂತರಾದರೆ ಫೋಟೊವೇ ಮನೆಯ ದಾರಿ ತೋರಿಸುತ್ತದೆ. ಕಳಿಸುವ ಮೊದಲು ಆ ಮಾಹಿತಿ ಅಳಿಸಬೇಕು.

ಕಟ್ಟುಗಳ ಐದಾರು ವಾರ ಹೇಗೋ ಕಳೆಯುತ್ತದೆ. ಮಕ್ಕಳು ಕೈತಪ್ಪುವುದು ಬೂಟಿನ ಕಾಲದಲ್ಲಿ. ಎರಡು ಬೂಟುಗಳನ್ನು ಒಂದು ಕಂಬಿಗೆ ಜೋಡಿಸಿ, ಸೊಟ್ಟಗಿದ್ದ ಪಾದ 60ರಿಂದ 70 ಡಿಗ್ರಿ, ಸರಿಯಿದ್ದದ್ದು 30ರಿಂದ 40 ಡಿಗ್ರಿ ಹೊರಕ್ಕೆ ತಿರುಗಿರುವಂತೆ ಕಟ್ಟಬೇಕು. ಹಿಮ್ಮಡಿಗಳ ನಡುವಿನ ಅಂತರ ಮಗುವಿನ ಭುಜದ ಅಗಲದಷ್ಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿ ಮತ್ತು ಹಗಲು ನಿದ್ದೆಯ ಹೊತ್ತು, ನಾಲ್ಕೈದು ವರ್ಷದವರೆಗೆ. ಪಾದ ಮತ್ತೆ ಸೊಟ್ಟಗಾಗಲು ಮುಖ್ಯ ಕಾರಣ ಬೂಟು ಬಿಟ್ಟದ್ದು, ಇದರಲ್ಲಿ ಜಗತ್ತಿನ ಎಲ್ಲ ಕೇಂದ್ರಗಳ ಮಾತೂ ಒಂದೇ.

ಬಿಡುವುದು ಯಾವಾಗ ಎಂಬುದು ಮಾತ್ರ ಇಲ್ಲಿ ಬೇರೆ. ಮೊದಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮೂರನೇ ತಿಂಗಳೋ ಐದನೇ ತಿಂಗಳೋ ಗಂಡನ ಮನೆಗೆ ಹೋಗುವುದು. 23 ಗಂಟೆಯ ಬೂಟು ಮುಗಿದು ರಾತ್ರಿ ಬೂಟು ಶುರುವಾಗುವುದೂ ಅದೇ ಸುಮಾರಿಗೆ. ಕಟ್ಟಿನ ವಾರಗಳನ್ನೆಲ್ಲ ನೋಡಿದ್ದ, ಪಾದ ಹೇಗಿತ್ತು ಎಂದು ಬಲ್ಲ ಅಜ್ಜಿ ತವರಿನಲ್ಲೇ ಉಳಿಯುತ್ತಾರೆ. ಹೊಸ ಮನೆಯವರ ಕಣ್ಣಿಗೆ ಬೀಳುವುದು ಸರಿಯಾಗಿರುವ ಪಾದ ಮತ್ತು ಅಳುವ ಮಗು. "ಕಾಲು ನೆಟ್ಟಗಾಯ್ತಲ್ಲ, ಇನ್ಯಾಕವ್ವ ಈ ಬೇಡಿ, ಬಿಚ್ಚಾಕು" ಎಂದರೆ ಎದುರು ಮಾತಾಡಲು ಚೊಚ್ಚಲ ಬಾಣಂತಿಗೆ ಆಗುವುದಿಲ್ಲ. ಅಷ್ಟು ಹೊತ್ತಿಗೆ ನಮ್ಮ ಬಳಿಯಿರುವ ವಿಳಾಸವೂ ಹಳೆಯದಾಗಿರುತ್ತದೆ. ಕೆ.ಆರ್. ಪೇಟೆಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರೆ ಮಗು ಗುಂಡ್ಲುಪೇಟೆಯ ಕಡೆ ಹೋಗಿರುತ್ತದೆ.

ಆದ್ದರಿಂದ ಮೊದಲ ದಿನವೇ ಎರಡು ವಿಳಾಸ ಬರೆದುಕೊಳ್ಳಬೇಕು, ತವರಿನದು ಮತ್ತು ಗಂಡನ ಮನೆಯದು. ಫೋನ್ ಸಂಖ್ಯೆ ಮೂರು: ತಾಯಿಯದು, ತವರಿನ ಒಬ್ಬರದು, ಗಂಡನ ಮನೆಯ ಒಬ್ಬರದು. ಅಪ್ಪನ ಸಂಖ್ಯೆಯೊಂದನ್ನೇ ನಂಬಿದರೆ ಸಿಮ್ ಬದಲಾದ ದಿನ ಮಗುವೂ ಕಳೆದುಹೋಗುತ್ತದೆ. ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸುತ್ತೇವೆ ಎಂಬುದು ಒಪ್ಪಿಗೆ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಗಂಡನ ಮನೆಯ ಊರಿನಲ್ಲಿ ಗುಟ್ಟು ಬಯಲು ಮಾಡಿದಂತಾಗುತ್ತದೆ. ಬೂಟು ಕೊಡುವ ದಿನ ಗಂಡನ ಮನೆಯಿಂದ ಒಬ್ಬರು, ಸಾಧ್ಯವಾದರೆ ಅತ್ತೆಯೇ, ಬರಲಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮೊದಲ ದಿನದ ಫೋಟೊವನ್ನು ಅವರಿಗೆ ತೋರಿಸಿದರೆ ನಾವು ಹೇಳುವುದು ಬಹಳ ಕಡಿಮೆ ಸಾಕು. ಹೊರದೇಶದ ನಮೂನೆಯಲ್ಲಿ ವಿಳಾಸ ಬದಲಾವಣೆ ಎಂಬ ಚೌಕ ಎರಡನೇ ವರ್ಷದ ಭೇಟಿಯಲ್ಲಿತ್ತು. ಅದನ್ನು ನಾಲ್ಕನೇ ತಿಂಗಳಿಗೆ ತರಿಸಲು ಈ ಪದ್ಧತಿಯನ್ನೆಲ್ಲ ವಿವರಿಸಿ ಬರೆಯಬೇಕಾಯಿತು.

ದಿನಕ್ಕೆ ಎಷ್ಟು ಗಂಟೆ ಹಾಕಿದಿರಿ ಎಂದು ಕೇಳಿದರೆ ಹೆಚ್ಚಾಗಿಯೇ ಹೇಳುತ್ತಾರೆ. ಬೂಟಿನೊಳಗೆ ತಾಪಮಾನದ ಸಂವೇದಕ ಇಟ್ಟು ನೋಡಿದ ಬೇರೆ ದೇಶದ ಅಧ್ಯಯನಗಳಲ್ಲೂ ತಂದೆತಾಯಂದಿರು ಹೇಳಿದ್ದು ನಿಜಕ್ಕಿಂತ ಹೆಚ್ಚೇ ಇತ್ತು. ಇದು ಮಂಡ್ಯದ ಗುಣವೇನಲ್ಲ. ಪ್ರಶ್ನೆಯನ್ನು ತಿರುಗಿಸಿ, ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಹಾಕಿದಿರಿ, ಮಧ್ಯೆ ಬಿಚ್ಚಿದಿರಾ ಎಂದು ಬೈಗುಳದ ಛಾಯೆಯಿಲ್ಲದೆ ಕೇಳಿದರೆ "ರಾತ್ರಿಯೆಲ್ಲ ಅಳ್ತಿತ್ತು ಮೇಡಮ್, ಅದ್ಕೇ ಬಿಚ್ಬುಟ್ಟೆ" ಎಂಬ ನಿಜ ಹೊರಬರುತ್ತದೆ. ಆಗ ಬೂಟನ್ನೂ ನೋಡಬೇಕು. ಹಿಮ್ಮಡಿ ಮೇಲಕ್ಕೆ ಎದ್ದು ಗುಳ್ಳೆ ಬಂದಿದ್ದರೆ ಅಳುವಿಗೆ ಕಾರಣ ಅಲ್ಲೇ ಇರುತ್ತದೆ: ಪಟ್ಟಿ ಸಡಿಲ, ಅಳತೆ ಚಿಕ್ಕದು, ಇಲ್ಲವೇ ಪಾದವೇ ಪೂರ್ತಿ ತಿದ್ದಿಲ್ಲ. ಅಂಗಡಿಯ ಸೈಜ್ ಸಂಖ್ಯೆ ದೇಶಕ್ಕೊಂದು ಬಗೆ, ಆದ್ದರಿಂದ ಪಾದದ ಉದ್ದವನ್ನು ಮಿಲಿಮೀಟರಿನಲ್ಲೇ ಬರೆಯಬೇಕು.

ಭೇಟಿಯ ದಿನ ಗೊತ್ತುಮಾಡುವಾಗ ನಾಟಿ, ಕಬ್ಬು ಕಡಿಯುವ ಕಾಲ, ರಾಗಿ ಒಕ್ಕಣೆ, ಊರ ಹಬ್ಬ ಎಲ್ಲ ನೋಡಿಕೊಳ್ಳಬೇಕು. ಆರು ತಿಂಗಳ ಭೇಟಿಗೆ ಹಿಂದೆ ಮುಂದೆ ನಾಲ್ಕು ವಾರ ಅವಕಾಶ ಕೇಳಿ ಬರೆಸಿಕೊಂಡರೆ ನೆಮ್ಮದಿ. ಪ್ರಯಾಣ ಖರ್ಚು ಕೊಡಲು ನೈತಿಕ ಸಮಿತಿ ಒಪ್ಪುತ್ತದೆ, ಆದರೆ ಲೆಕ್ಕದವರು ಟಿಕೆಟ್ ಕೇಳುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯ ಟಿಕೆಟ್ ಸೊನ್ನೆ ರೂಪಾಯಿಯದು. ಆಕೆಗೆ ಆ ದಿನ ಖರ್ಚೇ ಆಗಿಲ್ಲವೆಂದಲ್ಲ. ಹಳ್ಳಿಯಿಂದ ಬಸ್ ನಿಲ್ದಾಣಕ್ಕೆ ಆಟೊ, ಊಟ, ಹೋದ ಕೂಲಿ ಇದ್ದೇ ಇವೆ. ಬಜೆಟ್ಟಿನಲ್ಲಿ ಬಸ್ ಟಿಕೆಟ್ ಎಂದು ಬರೆದಿದ್ದರೆ ಇದ್ಯಾವುದನ್ನೂ ಕೊಡಲಾಗುವುದಿಲ್ಲ. ಭೇಟಿಯೊಂದಕ್ಕೆ ಇಂತಿಷ್ಟು ಎಂದು ಬರೆದು, ಸಹಿ ಮಾಡಿದ ರಸೀದಿ ಸಾಕು ಎಂದು ಮೊದಲೇ ಒಪ್ಪಿಸಿಕೊಳ್ಳಬೇಕು.

ಕೆಲಸ ಮಾಡುವ ಕೈಗಳ ವಿಚಾರ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ವರ್ಷಕ್ಕೆ ಹೊರಡುತ್ತಾರೆ, ಪ್ಲಾಸ್ಟರ್ ಕೋಣೆಯ ಸರದಿ ಇನ್ನೂ ಬೇಗ ಬದಲಾಗುತ್ತದೆ. ಪ್ರತಿ ಹೊಸಬರೂ ಹಳಬರ ಜೊತೆ ಅದೇ ಪಾದಗಳಿಗೆ ಅಂಕ ಕೊಟ್ಟು, ಇಬ್ಬರ ಹೊಂದಾಣಿಕೆಯನ್ನು, ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಅಳೆಯುವ ಕಪ್ಪಾ ಎಂಬ ಲೆಕ್ಕದಲ್ಲಿ ನೋಡಿ, ಸಾಕಷ್ಟಿದ್ದ ಮೇಲಷ್ಟೇ ಸ್ವತಂತ್ರವಾಗಿ ಬರೆಯಲು ಬಿಡಬೇಕು. ಬಿಟ್ಟು ಹೋಗದೆ ಉಳಿಯುವವರು ಒಬ್ಬರು ಬೇಕು, ಅದು ಅಧ್ಯಯನದ ಸಂಯೋಜಕಿ. ಬಜೆಟ್ ಕತ್ತರಿಸಬೇಕಾಗಿ ಬಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಸಂಯೋಜಕಿಯ ಸಂಬಳದ ಮೇಲೆ. ಕಂಪ್ಯೂಟರನ್ನು ಬಿಡಿ, ಸಮ್ಮೇಳನದ ಪ್ರಯಾಣವನ್ನು ಬಿಡಿ, ಆ ಸಂಬಳವನ್ನು ಬಿಡಬೇಡಿ. ಎರಡು ವಿಳಾಸ, ಮೂರು ಫೋನ್, ಖಾಲಿ ಚೌಕ, ಅತ್ತೆಯ ಜೊತೆಗಿನ ಮಾತು ಎಲ್ಲವೂ ಅವರ ಕೈಯಲ್ಲಿವೆ.

ತಿಂಗಳ ಸಭೆಗೆ ಅಮೆರಿಕದ ಮಧ್ಯಭಾಗದವರ ಬೆಳಗು ಎಂಟೂವರೆ ನಮಗೆ ಸಂಜೆ ಏಳು. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಅದು ಎಂಟಾಗುತ್ತದೆ. ಸಭೆಯ ಹೊತ್ತನ್ನು ಭಾರತದ ಸಮಯದಲ್ಲೂ ಬರೆದು ಕಳಿಸಿ ಎಂದರೆ ಮುಗಿಯಿತು.

ಲೇಖಕರ ಪಟ್ಟಿಯ ಮಾತನ್ನು ಮೊದಲ ಒಪ್ಪಂದದಲ್ಲೇ ಆಡಿಬಿಡಬೇಕು, ಸಂಕೋಚ ಬೇಡ. ಮಕ್ಕಳನ್ನು ಸೇರಿಸಿದ್ದಷ್ಟಕ್ಕೇ ವೈದ್ಯಕೀಯ ಪತ್ರಿಕೆಗಳ ನಿಯಮದಲ್ಲಿ ಲೇಖಕರಾಗುವುದಿಲ್ಲ. ಅಧ್ಯಯನ ರೂಪಿಸುವುದರಲ್ಲೋ ಡೇಟಾ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆ, ಈ ನಾಲ್ಕೂ ಬೇಕು. ಅಂದ ಮೇಲೆ ಕರಡು ನಮ್ಮ ಕೈಗೂ ತಿದ್ದಲು ಬರಬೇಕು, ಅದಕ್ಕೆ ಸಾಕಷ್ಟು ದಿನ ಕೊಡಬೇಕು ಎಂದು ಬರೆಸಿಕೊಳ್ಳುವುದು ನಮ್ಮ ಕೆಲಸ. ಇದರ ಜೊತೆಯಲ್ಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ವಿದ್ಯಾರ್ಥಿ ಪ್ರಬಂಧದ ವಿಷಯವೂ ಬರುತ್ತದೆ. ಅದೇ ಮಕ್ಕಳ ಮೇಲೆ ಪ್ರಬಂಧ ಬರೆದರೆ ಮುಖ್ಯ ಲೇಖನಕ್ಕಿಂತ ಮೊದಲೇ ಒಂದು ಭಾಗ ಹೊರಬಂದಂತಾಗುತ್ತದೆ ಎಂದು ಹೊರದೇಶದವರು ತಡೆಯಬಹುದು. ವಿದ್ಯಾರ್ಥಿಗೆ ಗಡುವಿದೆ, ಕಾಯಲಾಗುವುದಿಲ್ಲ. ಮುಖ್ಯ ಫಲಿತಾಂಶಕ್ಕೆ ಮುಟ್ಟದ ಪ್ರಶ್ನೆಗಳನ್ನು, ಉದಾಹರಣೆಗೆ ಕಟ್ಟು ಮನೆಯಲ್ಲಿ ಬಿಚ್ಚಿದರೆ ಅಂಕ ಎಷ್ಟು ಬದಲಾಗುತ್ತದೆ ಎಂಬುದನ್ನು, ನಮ್ಮ ಕೇಂದ್ರದ ಪ್ರಬಂಧಕ್ಕೆಂದೇ ಮೊದಲೇ ಬಿಟ್ಟುಕೊಡುವಂತೆ ಒಪ್ಪಂದದಲ್ಲಿ ಸೇರಿಸಿದರೆ ಇಬ್ಬರಿಗೂ ಜಗಳವಿಲ್ಲ.

ಡೇಟಾಬೇಸಿಗೆ ಬೀಗ ಹಾಕುವ, ಅಂದರೆ ಇನ್ನು ಯಾರೂ ತಿದ್ದದಂತೆ ಮುಚ್ಚುವ ಮೊದಲು ನಮ್ಮ ಕೇಂದ್ರದ ಪಾಲಿನ ಪೂರ್ತಿ ಪ್ರತಿಯನ್ನೂ, ಯಾವ ಸಂಕೇತಕ್ಕೆ ಯಾವ ಅರ್ಥ ಎಂಬ ಕೋಷ್ಟಕವನ್ನೂ ಸಾಮಾನ್ಯ ಸ್ಪ್ರೆಡ್‌ಶೀಟ್ ರೂಪದಲ್ಲಿ ಕೇಳಿ ಪಡೆಯಬೇಕು. ಕೋಷ್ಟಕವಿಲ್ಲದ ಪ್ರತಿಯಲ್ಲಿ 888 ಎಂದರೆ ನೋಡಿಲ್ಲವೋ, ಅನ್ವಯಿಸುವುದಿಲ್ಲವೋ ತಿಳಿಯುವುದಿಲ್ಲ. ಅಧ್ಯಯನದ ಸಂಖ್ಯೆಯನ್ನೂ ಮಗುವಿನ ಹೆಸರನ್ನೂ ಕೂಡಿಸುವ ಪುಸ್ತಕ ಮಾತ್ರ ಎಲ್ಲೂ ಹೋಗದೆ ಇಲ್ಲಿಯ ಬೀರುವಿನಲ್ಲೇ ಇರಬೇಕು, ಮತ್ತು ಅದರ ಬೀಗದ ಕೈ ಯಾರ ಬಳಿಯಿದೆ ಎಂದು ಕನಿಷ್ಠ ಇಬ್ಬರಿಗಾದರೂ ಗೊತ್ತಿರಬೇಕು.